ರಜೆಯ ದಿನವೂ ಆಕಾಶದಲ್ಲೇ ದುಡಿಮೆ

ವಾರದ ರಜೆಯ ದಿನ ಮನೆಯಲ್ಲಿ ಕೂರದೆ ಮದುವೆ ದಿಬ್ಬಣದ ವ್ಯಾನು ಓಡಿಸಲು ಹೋಗುವ ಬಸ್ ಚಾಲಕರು ಎಲ್ಲ ಊರಿನಲ್ಲೂ ಇದ್ದಾರೆ. ಶಾಲೆ ಬಿಟ್ಟ ಮೇಲೆ ಮನೆಪಾಠ ಹೇಳುವ ಮೇಷ್ಟರು, ಆಸ್ಪತ್ರೆಯ ಪಾಳಿ ಮುಗಿಸಿ ಸಂಜೆ ಸ್ವಂತ ಕ್ಲಿನಿಕ್ ತೆರೆಯುವ ವೈದ್ಯರು ನಮಗೆ ಹೊಸಬರೇನಲ್ಲ. ಆದರೆ ಇನ್ನೂರು ಜನರನ್ನು ಹೊತ್ತು ಹಾರುವ ದೊಡ್ಡ ವಿಮಾನದ ಪೈಲಟ್ ಕೂಡ ರಜೆಯ ದಿನ ಬೇರೆಯವರ ವಿಮಾನ ಹಾರಿಸಿ ನಾಲ್ಕು ಕಾಸು ಸಂಪಾದಿಸುವುದುಂಟು ಎಂದರೆ ಹಲವರಿಗೆ ಅಚ್ಚರಿಯಾದೀತು.

ಅಮೆರಿಕ ಮತ್ತು ಯೂರೋಪಿನ ಕೆಲವು ದೇಶಗಳಲ್ಲಿ ಇದು ವಿಮಾನಯಾನದಷ್ಟೇ ಹಳೆಯ ರೂಢಿ. ಅದನ್ನು ಮೆಚ್ಚುವವರಿದ್ದಾರೆ, ಹಳಿಯುವವರಿದ್ದಾರೆ. ಕಾನೂನು ಮಾತ್ರ ಅದನ್ನು ಪೂರ್ತಿ ನಿಷೇಧಿಸದೆ, ಪೂರ್ತಿ ಬಿಟ್ಟೂ ಕೊಡದೆ, ಲೆಕ್ಕದ ಪುಸ್ತಕ ಹಿಡಿದು ನಡುವೆ ನಿಂತಿದೆ. ಈ ಎಲ್ಲ ವಾದಗಳ ಹಿಂದೆ ಇರುವುದು ಒಂದೇ ಪ್ರಶ್ನೆ. ರಜೆಯ ದಿನ ಪೈಲಟ್‌ಗೆ ಸೇರಿದ್ದೋ, ಅಥವಾ ಮರುದಿನ ಆತನ ವಿಮಾನ ಹತ್ತುವ ಪ್ರಯಾಣಿಕರಿಗೆ ಸೇರಿದ್ದೋ?

ಇಷ್ಟೊಂದು ರಜೆ ಏಕೆ?

ಪೈಲಟ್‌ಗಳಿಗೆ ತಿಂಗಳಲ್ಲಿ ಸಿಗುವ ಬಿಡುವಿನ ದಿನಗಳು ಕಚೇರಿ ನೌಕರರಿಗೆ ಸಿಗುವುದಕ್ಕಿಂತ ಹೆಚ್ಚು. ಇದು ಸಂಸ್ಥೆಗಳ ಔದಾರ್ಯದಿಂದ ಬಂದದ್ದಲ್ಲ. ಒಬ್ಬ ಪೈಲಟ್ ವರ್ಷಕ್ಕೆ ಹೆಚ್ಚೆಂದರೆ 1000 ಗಂಟೆ ಹಾರಬಹುದು ಎಂಬ ಮಿತಿ ಭಾರತವೂ ಸೇರಿದಂತೆ ಅನೇಕ ದೇಶಗಳಲ್ಲಿದೆ. ಭಾಗಿಸಿ ನೋಡಿದರೆ ದಿನಕ್ಕೆ ಮೂರು ಗಂಟೆಯೂ ಆಗುವುದಿಲ್ಲ. ಇಷ್ಟು ಸುಖದ ಕೆಲಸ ಇನ್ನೊಂದಿಲ್ಲ ಎನಿಸಬಹುದು. ಆದರೆ ಈ ಗಂಟೆಗಳನ್ನು ಎಣಿಸುವುದು ವಿಮಾನ ಹಾರಾಟಕ್ಕಾಗಿ ನಿಂತ ಜಾಗ ಬಿಟ್ಟ ಕ್ಷಣದಿಂದ ಮತ್ತೆ ಬಂದು ನಿಲ್ಲುವ ಕ್ಷಣದವರೆಗೆ ಮಾತ್ರ. ಹಾರಾಟಕ್ಕೆ ಮುನ್ನ ಬಂದು ಹಾಜರಿ ಹಾಕುವುದು, ಹವಾಮಾನದ ವರದಿ ಓದುವುದು, ಮಂಜು ಕರಗಲಿ ಎಂದು ಕಾಯುವುದು, ಪರಸ್ಥಳದ ಹೋಟೆಲಿನಲ್ಲಿ ರಾತ್ರಿ ಕಳೆಯುವುದು, ಇವು ಯಾವುವೂ ಹಾರಾಟದ ಗಂಟೆಯ ಲೆಕ್ಕಕ್ಕೆ ಬರುವುದಿಲ್ಲ.

ಈ ಮಿತಿ ಹುಟ್ಟಿದ್ದು ಹೋರಾಟದಿಂದ. 1931ರಲ್ಲಿ ಡೇವಿಡ್ ಬೆಂಕಿ ಎಂಬ ಪೈಲಟ್‌ನ ಮುಂದಾಳತ್ವದಲ್ಲಿ ಅಮೆರಿಕದ ವಿಮಾನ ಪೈಲಟ್‌ಗಳ ಸಂಘ ಸ್ಥಾಪನೆಯಾಯಿತು. ಮಹಾಕುಸಿತದ ಕಾಲ ಅದು. ಸಂಬಳ ಕಡಿತ ವಿರೋಧಿಸಿ 1932ರಲ್ಲಿ ಸೆಂಚುರಿ ಏರ್‌ಲೈನ್ಸ್‌ನ ಪೈಲಟ್‌ಗಳು ಕೆಲಸದಿಂದ ಹೊರನಡೆದರು. ಕೊನೆಗೆ ಸಂಬಳ ಮತ್ತು ಗಂಟೆಗಳ ವಿವಾದ ರಾಷ್ಟ್ರೀಯ ಕಾರ್ಮಿಕ ಮಂಡಳಿಯ ಮುಂದೆ ಹೋಯಿತು. 1934ರ ಮೇ ತಿಂಗಳಲ್ಲಿ ಮಂಡಳಿ ಕೊಟ್ಟ 83ನೇ ತೀರ್ಪು ವಿಮಾನಯಾನದ ಇತಿಹಾಸದಲ್ಲಿ ಹೆಸರುವಾಸಿ. ತಿಂಗಳಿಗೆ 85 ಗಂಟೆಗಿಂತ ಹೆಚ್ಚು ಹಾರಿಸುವಂತಿಲ್ಲ ಎಂದು ಅದು ಹೇಳಿತು. 1938ರ ನಾಗರಿಕ ವಿಮಾನಯಾನ ಕಾಯ್ದೆ ಆ ತೀರ್ಪಿಗೆ ಕಾನೂನಿನ ಬಲ ಕೊಟ್ಟಿತು.

ಹಾಗೆ ಗೆದ್ದುಕೊಂಡ ಬಿಡುವನ್ನು ಹೇಗೆ ಕಳೆಯಬೇಕು ಎಂದು ತೀರ್ಪು ಹೇಳಿರಲಿಲ್ಲ. ಮನೆಯಲ್ಲಿ ನಿದ್ದೆ ಮಾಡಿದವರು ಮಾಡಿದರು. ಹಾರುವುದರ ರುಚಿ ಬಿಡದವರು ಮತ್ತೆ ವಿಮಾನದ ಬಳಿಗೇ ನಡೆದರು.

ಹೊರಗಿನ ಕೆಲಸಗಳು

ಹೊರಗಿನ ಹಾರಾಟ ಎಂದರೆ ಒಂದೇ ಬಗೆಯದಲ್ಲ. ಹೆಚ್ಚಿನವರು ಮಾಡುವುದು ಪಾಠ ಹೇಳುವ ಕೆಲಸ. ಊರ ಹೊರಗಿನ ಸಣ್ಣ ನಿಲ್ದಾಣದಲ್ಲಿ ಎರಡು ಸೀಟಿನ ವಿಮಾನದಲ್ಲಿ ಹೊಸಬರ ಪಕ್ಕ ಕೂತು ಕಲಿಸುವುದು. ಎಂಜಿನ್ ಇಲ್ಲದ ಗ್ಲೈಡರ್‌ಗಳನ್ನು ಹಗ್ಗ ಕಟ್ಟಿ ಮೇಲಕ್ಕೆ ಎಳೆದೊಯ್ಯುವುದು, ಪ್ಯಾರಾಚೂಟ್ ಕಟ್ಟಿಕೊಂಡು ಧುಮುಕುವವರನ್ನು ಎತ್ತರಕ್ಕೆ ಕೊಂಡೊಯ್ಯುವುದು, ಕಂಪನಿ ಮಾಲೀಕರ ಖಾಸಗಿ ಜೆಟ್‌ಗೆ ದಿನಗೂಲಿಯ ಮೇಲೆ ಹೋಗುವುದು, ನೆಲದ ಛಾಯಾಚಿತ್ರ ತೆಗೆಯುವವರಿಗಾಗಿ ಸುತ್ತು ಹಾಕುವುದು ಇನ್ನು ಕೆಲವು. ಮಾರಾಟವಾದ ಪುಟ್ಟ ವಿಮಾನವನ್ನು ಅಟ್ಲಾಂಟಿಕ್ ದಾಟಿಸಿ ಕೊಳ್ಳುವವರಿಗೆ ತಲುಪಿಸುವ ಕೆಲಸವೂ ಇದೆ. ಸೀಟುಗಳನ್ನು ಕಿತ್ತು ಆ ಜಾಗದಲ್ಲಿ ಹೆಚ್ಚುವರಿ ಇಂಧನದ ಟ್ಯಾಂಕ್ ಇಟ್ಟು, ತಣ್ಣನೆಯ ಸಮುದ್ರದ ಮೇಲೆ ಒಬ್ಬರೇ ಹಾರಿಸಿಕೊಂಡು ಹೋಗಬೇಕು. ಹಳೆಯ ಯುದ್ಧ ವಿಮಾನಗಳನ್ನು ಪ್ರದರ್ಶನಗಳಲ್ಲಿ ಹಾರಿಸುವವರೂ ಉಂಟು.

ಈ ದಾರಿಯಲ್ಲಿ ಎಲ್ಲರಿಗಿಂತ ದೂರ ಹೋದವರು ಅಮೆರಿಕದ ಕ್ಲೇ ಲೇಸಿ. ಕಾನ್ಸಾಸ್‌ನ ವಿಚಿಟಾದಲ್ಲಿ 1932ರಲ್ಲಿ ಹುಟ್ಟಿದ ಅವರು 1952ರಲ್ಲಿ, ಇನ್ನೂ ಹತ್ತೊಂಬತ್ತರ ಪ್ರಾಯದಲ್ಲಿ, ಯುನೈಟೆಡ್ ಏರ್‌ಲೈನ್ಸ್ ಸೇರಿದರು. ನಿವೃತ್ತರಾದದ್ದು 1992ರಲ್ಲಿ. ಆ ನಲವತ್ತು ವರ್ಷಗಳಲ್ಲಿ ಅವರ ಬಿಡುವಿನ ದಿನಗಳ ಸಾಧನೆಯೇ ಇನ್ನೊಂದು ಜೀವಮಾನಕ್ಕೆ ಸಾಕು. ರಾಕೆಟ್‌ನ ಭಾಗಗಳನ್ನು ಸಾಗಿಸಲೆಂದು ಹೊಟ್ಟೆ ಉಬ್ಬಿಸಿ ಕಟ್ಟಿದ ‘ಪ್ರೆಗ್ನೆಂಟ್ ಗಪ್ಪಿ’ ಎಂಬ ವಿಚಿತ್ರ ವಿಮಾನ 1962ರಲ್ಲಿ ಮೊದಲ ಬಾರಿ ಮೇಲೇರಿದಾಗ ಅದರ ಸಹಚಾಲಕರಾಗಿ ಕೂತವರು ಅವರೇ. 1968ರಲ್ಲಿ ಲಾಸ್ ಏಂಜಲೀಸ್ ಬಳಿಯ ವ್ಯಾನ್ ನೈಸ್ ನಿಲ್ದಾಣದಲ್ಲಿ ಬಾಡಿಗೆ ಜೆಟ್‌ಗಳ ಸ್ವಂತ ಕಂಪನಿ ತೆರೆದರು. 1970ರಲ್ಲಿ ರೀನೋ ವಿಮಾನ ಪಂದ್ಯದಲ್ಲಿ ಎರಡನೇ ಮಹಾಯುದ್ಧದ ಮುಸ್ತಾಂಗ್ ವಿಮಾನ ಹಾರಿಸಿ ಗೆದ್ದರು. ಲಿಯರ್‌ಜೆಟ್‌ಗೆ ಕ್ಯಾಮೆರಾ ಕಟ್ಟಿ ಸಿನಿಮಾ ಮತ್ತು ಜಾಹೀರಾತುಗಳಿಗೆ ಆಕಾಶದ ದೃಶ್ಯಗಳನ್ನು ತೆಗೆದುಕೊಟ್ಟರು. ಇಷ್ಟೆಲ್ಲ ಮಾಡುತ್ತಲೇ ಯುನೈಟೆಡ್‌ನ ಪಾಳಿಗೂ ಹೋಗುತ್ತಿದ್ದರು.

ಲೇಸಿಯಂಥವರು ಕೋಟಿಗೊಬ್ಬರು. ಆದರೆ ಒಬ್ಬ ನೌಕರ ಬೇರೆಡೆ ಹಾರಿದರೆ ವಿಮಾನ ಸಂಸ್ಥೆಗೆ ಏಕೆ ಆತಂಕವಾಗುತ್ತದೆ ಎಂಬುದೂ ಇಲ್ಲಿಯೇ ಗೊತ್ತಾಗುತ್ತದೆ. ಹೊರಗೆ ಅಪಘಾತವಾಗಿ ಆತ ಗಾಯಗೊಂಡರೆ ನಷ್ಟ ಯಾರದು? ಹೊರಗೆ ಹಾರಿದ ಗಂಟೆಗಳಿಂದ ಮಿತಿ ತುಂಬಿಹೋದರೆ ತಿಂಗಳ ಕೊನೆಯಲ್ಲಿ ಸಂಸ್ಥೆಯ ವಿಮಾನ ಹಾರಿಸುವವರು ಯಾರು? ಆದ್ದರಿಂದಲೇ ಹೊರಗಿನ ಹಾರಾಟಕ್ಕೆ ಲಿಖಿತ ಅನುಮತಿ ಬೇಕು ಎಂಬ ಷರತ್ತನ್ನು ಸಂಸ್ಥೆಗಳು ನೇಮಕದ ಕರಾರಿನಲ್ಲೇ ಸೇರಿಸುವುದುಂಟು. ಕಾರ್ಮಿಕ ಸಂಘಟನೆಯ ಕಣ್ಣಿನಿಂದ ನೋಡಿದರೆ ಇನ್ನೊಂದು ಆಕ್ಷೇಪವಿದೆ. ಕೆಲಸವಿಲ್ಲದ ಪೈಲಟ್ ಮನೆಯಲ್ಲಿ ಕೂತಿರುವಾಗ ಕೆಲಸವಿರುವವರು ಎರಡನೇ ಸಂಬಳಕ್ಕೆ ಕೈ ಚಾಚುವುದು ಎಷ್ಟು ಸರಿ?

ಲೆಕ್ಕ ಯಾರ ಹೆಸರಿಗೆ?

ಗಂಟೆಗಳ ಮಿತಿಯನ್ನು ಸಂಸ್ಥೆಯ ಮೇಲೆ ಹೇರಿದರೆ ಸಾಲದು. ಒಂದು ಕಡೆ 90 ಗಂಟೆ, ಇನ್ನೊಂದು ಕಡೆ 90 ಗಂಟೆ ಹಾರಿದರೆ ಎರಡೂ ಸಂಸ್ಥೆಗಳು ಕಾನೂನು ಪಾಲಿಸಿದಂತೆಯೇ ಕಾಣುತ್ತದೆ. ಆದರೆ ಕೂತು ಹಾರಿಸಿದವರು 180 ಗಂಟೆ ದುಡಿದಿರುತ್ತಾರೆ. ಹಾಗಾಗಿ ಮಿತಿಯನ್ನು ಆಳಿನ ಹೆಸರಿಗೇ ಬರೆಯಬೇಕಾಗುತ್ತದೆ.

ನಮ್ಮ ದೇಶದ 1937ರ ವಿಮಾನ ನಿಯಮಗಳಲ್ಲಿ ಸೇರಿದ 42ಎ ನಿಯಮ ಇದಕ್ಕೆ ಒಳ್ಳೆಯ ಉದಾಹರಣೆ. ವಿಶೇಷ ಅನುಮತಿ ಇಲ್ಲದೆ ಯಾವ ಪೈಲಟ್ ಕೂಡ ಸತತ 30 ದಿನಗಳಲ್ಲಿ 125 ಗಂಟೆಗಿಂತ ಹೆಚ್ಚು ಹಾರುವಂತಿಲ್ಲ ಎನ್ನುತ್ತದೆ ಅದು. ಯಾವ ಸಂಸ್ಥೆ, ಯಾವ ವಿಮಾನ ಎಂಬ ಮಾತೇ ಅಲ್ಲಿಲ್ಲ. ಯೂರೋಪಿನ ನಿಯಮ ಇನ್ನೂ ಸ್ಪಷ್ಟ. ಒಂದಕ್ಕಿಂತ ಹೆಚ್ಚು ಸಂಸ್ಥೆಗಳಿಗೆ ದುಡಿಯುವ ಪೈಲಟ್ ತನ್ನ ಹಾರಾಟ, ಪಾಳಿ ಮತ್ತು ವಿಶ್ರಾಂತಿಯ ದಾಖಲೆಯನ್ನು ತಾನೇ ಇಟ್ಟುಕೊಂಡು ಪ್ರತಿಯೊಂದು ಸಂಸ್ಥೆಗೂ ಒಪ್ಪಿಸಬೇಕು.

ಅಮೆರಿಕದ ಹಳೆಯ ನಿಯಮ ‘ಎಲ್ಲ ವಾಣಿಜ್ಯ ಹಾರಾಟ’ವನ್ನೂ ಒಟ್ಟು ಸೇರಿಸಿ ಎಣಿಸುತ್ತಿತ್ತು. ದೇಶದೊಳಗಿನ ಹಾರಾಟಕ್ಕೆ ವರ್ಷಕ್ಕೆ 1000, ತಿಂಗಳಿಗೆ 100, ಏಳು ದಿನಕ್ಕೆ 30 ಗಂಟೆ ಎಂಬುದು ಮಿತಿ. ರಜೆಯ ದಿನ ಹಣ ಪಡೆದು ಹಾರಿದ್ದೂ ಈ ಖಾತೆಗೇ ಜಮಾ. ಆದರೆ ಮೀಸಲು ಸೇನೆಯಲ್ಲಿದ್ದು ಬಿಡುವಿನಲ್ಲಿ ಸೇನಾ ವಿಮಾನ ಹಾರಿಸುವ ಪೈಲಟ್‌ಗಳ ಗಂಟೆ ಖಾತೆಗೆ ಬರುತ್ತಿರಲಿಲ್ಲ, ಏಕೆಂದರೆ ಅದು ವಾಣಿಜ್ಯವಲ್ಲ, ದೇಶಸೇವೆ. ಸಂಬಳವಿಲ್ಲದೆ ಸ್ವಂತ ಖುಷಿಗೆ ಹಾರಿದ್ದಕ್ಕೂ ಲೆಕ್ಕವಿರಲಿಲ್ಲ.

2014ರ ಜನವರಿ 4ರಂದು ಪ್ರಯಾಣಿಕ ವಿಮಾನಗಳಿಗೆ ಹೊಸ ನಿಯಮ ಬಂತು. ಪ್ರತಿ ಹಾರಾಟಕ್ಕೆ ಮುನ್ನ ‘ನಾನು ಕೆಲಸಕ್ಕೆ ಯೋಗ್ಯ ಸ್ಥಿತಿಯಲ್ಲಿದ್ದೇನೆ’ ಎಂದು ಪೈಲಟ್ ದೃಢಪಡಿಸಬೇಕು. ಏಳು ದಿನಗಳಲ್ಲಿ ಸತತ 30 ಗಂಟೆ ಯಾವ ಕೆಲಸವೂ ಇಲ್ಲದ ವಿರಾಮ ಕೊಡಬೇಕು. ಗಂಟೆಗಳ ಎಣಿಕೆಗೆ ಮಾತ್ರ ವಿಮಾನ ಸೇವೆಯ ಪರವಾನಗಿ ಪಡೆದ ಸಂಸ್ಥೆಗಳ ಪರವಾಗಿ ಹಾರಿದ್ದು ಬರುತ್ತದೆ. ಹಾಗಾಗಿ ಊರ ಹೊರಗಿನ ನಿಲ್ದಾಣದಲ್ಲಿ ದಿನವಿಡೀ ಪಾಠ ಹೇಳಿ ಬಂದವರ ಖಾತೆಯಲ್ಲಿ ಆ ಗಂಟೆಗಳು ಕಾಣುವುದಿಲ್ಲ. ಅದರ ದಣಿವನ್ನು ಒಪ್ಪಿಕೊಳ್ಳುವ ಹೊಣೆ ಪೈಲಟ್‌ನ ಆತ್ಮಸಾಕ್ಷಿಗೆ ಬಿಟ್ಟದ್ದು.

ಖಾತೆಗೆ ಸಿಗದ ದಣಿವು

ಈ ಹೊಸ ನಿಯಮದ ಹಿಂದೆ ಒಂದು ದುರಂತದ ಕಥೆ ಇದೆ. 2009ರ ಫೆಬ್ರವರಿ 12ರ ರಾತ್ರಿ ನ್ಯೂಯಾರ್ಕ್ ರಾಜ್ಯದ ಬಫಲೋ ಬಳಿ ಕೋಲ್ಗನ್ ಏರ್ ಎಂಬ ಪ್ರಾದೇಶಿಕ ಸಂಸ್ಥೆಯ ವಿಮಾನ ಮನೆಯೊಂದರ ಮೇಲೆ ಬಿತ್ತು. ವಿಮಾನದಲ್ಲಿದ್ದ 49 ಮಂದಿ, ನೆಲದ ಮೇಲಿದ್ದ ಒಬ್ಬರು ಸತ್ತರು. ತನಿಖೆಯಲ್ಲಿ ಹೊರಬಿದ್ದ ಸಂಗತಿಗಳು ಅಮೆರಿಕದ ಜನರನ್ನು ಬೆಚ್ಚಿಬೀಳಿಸಿದವು. ಸಹಚಾಲಕಿ ದೇಶದ ಇನ್ನೊಂದು ತುದಿಯ ಸಿಯಾಟಲ್‌ನಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಕೆಲಸಕ್ಕೆ ಬಂದಿದ್ದರು. ಅವರ ಸಂಬಳ ತೀರ ಕಡಿಮೆಯಿತ್ತು. ಸಂಸ್ಥೆ ಸೇರಿದ ಮೊದಲ ದಿನಗಳಲ್ಲಿ ಬಿಡುವಿನ ವೇಳೆ ಕಾಫಿ ಅಂಗಡಿಯೊಂದರಲ್ಲೂ ದುಡಿದಿದ್ದರು. ಪೈಲಟ್‌ಗಳ ದಣಿವು ಅವರ ಕೆಲಸದ ಮೇಲೆ ಪರಿಣಾಮ ಬೀರಿರುವ ಸಾಧ್ಯತೆ ಇದೆ, ಆದರೆ ಎಷ್ಟರಮಟ್ಟಿಗೆ ಎಂದು ಅಳೆಯಲಾಗದು ಎಂದು ತನಿಖಾ ಮಂಡಳಿ ಹೇಳಿತು.

ಇಲ್ಲಿ ಕಾನೂನಿನ ಒಂದು ಸಂಕಟ ಕಣ್ಣಿಗೆ ಬೀಳುತ್ತದೆ. ಬಿಡುವಿನಲ್ಲಿ ಬಾಡಿಗೆ ಜೆಟ್ ಹಾರಿಸಿದರೆ ಆ ಗಂಟೆ ಖಾತೆಗೆ ಸೇರುತ್ತದೆ. ಅದೇ ಬಿಡುವಿನಲ್ಲಿ ಅಂಗಡಿಯ ಕಟ್ಟೆಯ ಹಿಂದೆ ಎಂಟು ಗಂಟೆ ನಿಂತರೆ ಸೇರುವುದಿಲ್ಲ. ಕಾಲು ಮಾತ್ರ ಎರಡರಲ್ಲೂ ನೋಯುತ್ತದೆ, ನಿದ್ದೆ ಎರಡರಲ್ಲೂ ಕೆಡುತ್ತದೆ.

ಸಂಬಳ ಕಡಿಮೆ ಎಂಬ ದೂರು ಹೊಸಬರದಷ್ಟೇ ಅಲ್ಲ. ಕೋಲ್ಗನ್ ದುರಂತಕ್ಕೆ ನಾಲ್ಕು ವಾರ ಮುಂಚೆ, 2009ರ ಜನವರಿ 15ರಂದು, ಎಂಜಿನ್ ನಿಂತ ವಿಮಾನವನ್ನು ಹಡ್ಸನ್ ನದಿಯ ಮೇಲೆ ಇಳಿಸಿ 155 ಜನರನ್ನು ಉಳಿಸಿದ ಕ್ಯಾಪ್ಟನ್ ಚೆಸ್ಲಿ ಸಲೆನ್‌ಬರ್ಗರ್ ಜಗತ್ತಿಗೇ ಪರಿಚಿತರು. ಮರುತಿಂಗಳು ಅಮೆರಿಕ ಸಂಸತ್ತಿನ ಸಮಿತಿಯ ಮುಂದೆ ಸಾಕ್ಷಿ ನುಡಿದ ಅವರು ತಮ್ಮ ಸಂಬಳ ಶೇ 40ರಷ್ಟು ಕಡಿತವಾಗಿರುವುದನ್ನೂ ಪಿಂಚಣಿ ಯೋಜನೆ ರದ್ದಾಗಿರುವುದನ್ನೂ ಬಿಚ್ಚಿಟ್ಟರು. ಅವರೂ ಬಿಡುವಿನಲ್ಲಿ ಸುರಕ್ಷತೆಯ ಬಗ್ಗೆ ಸಲಹೆ ಕೊಡುವ ಪುಟ್ಟ ಸಂಸ್ಥೆ ನಡೆಸುತ್ತಿದ್ದವರೇ.

ಕೈ ಪಳಗುತ್ತದೆಯೆ?

ಹೊರಗೆ ಹಾರುವುದರಿಂದ ಪ್ರಯಾಣಿಕರಿಗೆ ಕೇಡೇ ಹೊರತು ಒಳಿತಿಲ್ಲ ಎಂದೂ ಹೇಳಲಾಗದು. ಇಂದಿನ ದೊಡ್ಡ ವಿಮಾನಗಳಲ್ಲಿ ಹೆಚ್ಚಿನ ಕೆಲಸ ಕಂಪ್ಯೂಟರಿನದು. ಸಣ್ಣ ವಿಮಾನ, ಗ್ಲೈಡರ್‌ಗಳಲ್ಲಿ ಮಾತ್ರ ಗಾಳಿಯ ನಾಡಿಮಿಡಿತ ಅಂಗೈಗೆ ತಾಗುತ್ತದೆ ಎಂಬುದು ಅನುಭವಸ್ಥರ ಮಾತು.

ಇದಕ್ಕೆ ಸಾಕ್ಷಿಯಾಗಿ ಎಲ್ಲರೂ ಎತ್ತಿ ಹೇಳುವುದು 1983ರ ಜುಲೈ 23ರ ಘಟನೆ. ಕೆನಡಾದಲ್ಲಿ ಆಗ ಪೌಂಡ್ ಬಿಟ್ಟು ಕಿಲೋಗ್ರಾಮಿಗೆ ಬದಲಾಗುತ್ತಿದ್ದ ಕಾಲ. ಇಂಧನದ ಲೆಕ್ಕದಲ್ಲಿ ಎರಡೂ ಅಳತೆಗಳು ಕಲಸಿಹೋಗಿ, ಏರ್ ಕೆನಡಾದ ಹೊಚ್ಚಹೊಸ ಬೋಯಿಂಗ್ 767 ಬೇಕಾದ ಇಂಧನದ ಅರ್ಧದಷ್ಟನ್ನೂ ತುಂಬಿಕೊಳ್ಳದೆ ಹೊರಟಿತು. 41 ಸಾವಿರ ಅಡಿ ಎತ್ತರದಲ್ಲಿ ಎಂಜಿನ್‌ಗಳು ಒಂದರ ಹಿಂದೆ ಒಂದು ನಿಂತವು. ಕ್ಯಾಪ್ಟನ್ ಬಾಬ್ ಪಿಯರ್ಸನ್ ಬಿಡುವಿನಲ್ಲಿ ಗ್ಲೈಡರ್ ಹಾರಿಸಿ ಪಳಗಿದವರು. ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಗೆ ತಲುಪಿದಾಗ ವಿಮಾನ ಬೇಕಾದ್ದಕ್ಕಿಂತ ಎತ್ತರದಲ್ಲಿತ್ತು. ಅವರು ಗ್ಲೈಡರ್‌ನವರ ಉಪಾಯ ಹೂಡಿ, ವಿಮಾನವನ್ನು ಓರೆಯಾಗಿ ಜಾರಿಸುತ್ತ ಎತ್ತರ ಇಳಿಸಿ ನೆಲ ಮುಟ್ಟಿಸಿದರು. ಅದರಲ್ಲಿದ್ದ 69 ಮಂದಿಯೂ ಬದುಕಿದರು. ಆ ಉಪಾಯ ಅವರಿಗೆ ಒದಗಿದ್ದು ಗ್ಲೈಡರ್‌ನಿಂದ.

ಆದರೆ ಒಂದು ವಿಮಾನದಲ್ಲಿ ಪಳಗಿದ ಕೈ ಇನ್ನೊಂದರಲ್ಲೂ ಪಳಗಿರುತ್ತದೆ ಎಂಬ ಖಾತರಿ ಇಲ್ಲ. 2015ರ ಆಗಸ್ಟ್ 22ರಂದು ಇಂಗ್ಲೆಂಡಿನ ಶೋರ್‌ಹ್ಯಾಮ್ ವಿಮಾನ ಪ್ರದರ್ಶನದಲ್ಲಿ ಹಳೆಯ ಹಂಟರ್ ಯುದ್ಧ ವಿಮಾನವೊಂದು ಲಾಗ ಹಾಕುವಾಗ ಹೆದ್ದಾರಿಯ ಮೇಲೆ ಬಿದ್ದು 11 ಜನ ಸತ್ತರು. 1965 ಮತ್ತು 1971ರ ಯುದ್ಧಗಳಲ್ಲಿ ನಮ್ಮ ವಾಯುಪಡೆಯೂ ಬಳಸಿದ ವಿಮಾನವದು. ಹಾರಿಸುತ್ತಿದ್ದವರು ದೊಡ್ಡ ವಿಮಾನ ಸಂಸ್ಥೆಯೊಂದರ ಪೈಲಟ್. ಒಟ್ಟು 14 ಸಾವಿರ ಗಂಟೆಗೂ ಮೀರಿದ ಅನುಭವ. ಆ ಬಗೆಯ ವಿಮಾನದಲ್ಲಿ ಸುಮಾರು 40 ಗಂಟೆ ಮಾತ್ರ. ಲಾಗದ ತುದಿಯಲ್ಲಿ ಕನಿಷ್ಠ 3500 ಅಡಿ ಇರಬೇಕಿದ್ದ ಎತ್ತರ ಸುಮಾರು 2700 ಅಡಿಯಷ್ಟೇ ಇತ್ತು ಎಂದು ತನಿಖೆ ಕಂಡುಕೊಂಡಿತು. 2019ರಲ್ಲಿ ನ್ಯಾಯಾಲಯ ಅವರನ್ನು ನಿರ್ದೋಷಿ ಎಂದು ಬಿಡುಗಡೆ ಮಾಡಿತು. ಆ ಬಳಿಕವೂ ಹಳೆಯ ಜೆಟ್‌ಗಳನ್ನು ಯಾರು, ಎಲ್ಲಿ, ಹೇಗೆ ಹಾರಿಸಬೇಕು ಎಂಬ ಚರ್ಚೆ ಬ್ರಿಟನ್ನಿನಲ್ಲಿ ನಿಲ್ಲಲಿಲ್ಲ.

ಇದೇ ವಿಷಯದ ಒಂದು ತಮಾಷೆಯ ಮಗ್ಗುಲನ್ನೂ ನೋಡಬಹುದು. ನೆದರ್ಲೆಂಡ್ಸ್ ದೊರೆ ವಿಲೆಮ್ ಅಲೆಕ್ಸಾಂಡರ್ 21 ವರ್ಷಗಳಿಂದ ತಿಂಗಳಿಗೆ ಸುಮಾರು ಎರಡು ಬಾರಿ ಕೆಎಲ್‌ಎಂ ಬಳಗದ ಪ್ರಯಾಣಿಕ ವಿಮಾನದಲ್ಲಿ ಸಹಚಾಲಕರಾಗಿ ಹಾರುತ್ತಿದ್ದರೆಂದು 2017ರಲ್ಲಿ ಬಹಿರಂಗವಾಯಿತು. ರಾಜ್ಯಭಾರದ ಚಿಂತೆಯನ್ನು ನೆಲದ ಮೇಲೆ ಬಿಟ್ಟು ಹೋಗಲು ಅದೇ ತಮಗೆ ದಾರಿ ಎಂಬರ್ಥದ ಮಾತನ್ನು ಅವರು ಆಡಿದ್ದರು. ಒಬ್ಬರಿಗೆ ದಣಿವು ತರುವ ಕೆಲಸವೇ ಇನ್ನೊಬ್ಬರಿಗೆ ವಿಶ್ರಾಂತಿ!

ನಮ್ಮಲ್ಲಿ ರಜೆ ಮತ್ತು ವಿಶ್ರಾಂತಿ

ಭಾರತದಲ್ಲಿ ಈ ರೂಢಿ ಅಮೆರಿಕದಷ್ಟು ಬೆಳೆದಿಲ್ಲ. ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಂಥ ಕೇಂದ್ರಗಳು, ಹಾರಾಟದ ಕ್ಲಬ್ಬುಗಳು ಇಲ್ಲಿ ಬೆರಳೆಣಿಕೆಯವು. ಆದರೆ ರಜೆಯ ಪ್ರಶ್ನೆ ನಮ್ಮ ಮನೆಬಾಗಿಲಿಗೂ ಬಂದಿದೆ.

ಎರಡು ಕಡೆ ದುಡಿಯುವುದರ ಬಗ್ಗೆ ಬೆಂಗಳೂರಿನಲ್ಲಿ ದೊಡ್ಡ ಚರ್ಚೆ ಎದ್ದದ್ದು 2022ರಲ್ಲಿ, ಸಾಫ್ಟ್‌ವೇರ್ ಕ್ಷೇತ್ರದಲ್ಲಿ. ವಿಪ್ರೊ ಅಧ್ಯಕ್ಷ ರಿಷದ್ ಪ್ರೇಮ್‌ಜಿ ಅದನ್ನು ಮೋಸ ಎಂದೇ ಕರೆದರು. ಪ್ರತಿಸ್ಪರ್ಧಿ ಸಂಸ್ಥೆಗಳಿಗೂ ದುಡಿಯುತ್ತಿದ್ದ 300 ನೌಕರರನ್ನು ತೆಗೆದುಹಾಕಿದ್ದಾಗಿ ಹೇಳಿದರು. ಅಲ್ಲಿನ ಪ್ರಶ್ನೆ ನಿಷ್ಠೆಯದು. ಆದರೆ ನಮ್ಮ ಹಳೆಯ ಕಾನೂನು ನೋಡಿದ್ದು ಬೇರೆಯದನ್ನೇ. 1948ರ ಕಾರ್ಖಾನೆ ಕಾಯ್ದೆಯ 60ನೇ ಕಲಮು ಒಂದು ಕಾರ್ಖಾನೆಯಲ್ಲಿ ದುಡಿದ ದಿನವೇ ಕಾರ್ಮಿಕ ಇನ್ನೊಂದರಲ್ಲಿ ದುಡಿಯಬಾರದು ಎಂದದ್ದು ಯಂತ್ರದ ಮುಂದೆ ತೂಕಡಿಸುವವರ ಕೈ ಉಳಿಯಲಿ ಎಂದು. ಪೈಲಟ್‌ಗಳ ವಿಷಯ ಈ ಎರಡನೆಯ ಸಾಲಿಗೆ ಸೇರಿದ್ದು.

ಪೈಲಟ್‌ಗಳ ವಾರದ ಕಡ್ಡಾಯ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸುವ ಹೊಸ ನಿಯಮವನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2025ರ ಜುಲೈನಿಂದ ಜಾರಿಗೆ ತಂದಿತು. ರಾತ್ರಿ ಹಾರಾಟದ ಕಟ್ಟುಪಾಡುಗಳು ನವೆಂಬರ್‌ನಿಂದ ಬಂದವು. ಡಿಸೆಂಬರ್ ಮೊದಲ ವಾರ ಇಂಡಿಗೊ ಸಂಸ್ಥೆಗೆ ಪೈಲಟ್‌ಗಳು ಸಾಲದೆ ಸಾವಿರಾರು ಹಾರಾಟಗಳು ರದ್ದಾದವು. ಬೆಂಗಳೂರು ನಿಲ್ದಾಣದಲ್ಲೂ ಪ್ರಯಾಣಿಕರು ಪೆಟ್ಟಿಗೆಗಳ ಪಕ್ಕ ಗಂಟೆಗಟ್ಟಲೆ ಕಾದರು.

ಆ ಗದ್ದಲದಲ್ಲಿ ಒಂದು ಸಣ್ಣ ಸಂಗತಿ ಹೆಚ್ಚಿನವರ ಗಮನಕ್ಕೆ ಬರಲಿಲ್ಲ. ಪೈಲಟ್ ತೆಗೆದುಕೊಂಡ ರಜೆಯನ್ನು ವಾರದ ವಿಶ್ರಾಂತಿಯ ಬದಲಿಗೆ ಎಣಿಸಕೂಡದು ಎಂದು ನಿರ್ದೇಶನಾಲಯ ಮೊದಲು ಹೇಳಿತ್ತು. ಡಿಸೆಂಬರ್ 5ರಂದು ಆ ಸೂಚನೆಯನ್ನು ಹಿಂತೆಗೆದುಕೊಂಡಿತು. ನೋಡಲು ಇದು ಗುಮಾಸ್ತರ ಮಟ್ಟದ ತಿದ್ದುಪಡಿ. ಆದರೆ ಇಡೀ ವಿವಾದದ ತಿರುಳು ಅದರಲ್ಲಿದೆ. ರಜೆ ಎಂದರೆ ನೌಕರನ ಹಕ್ಕು. ಅದರಲ್ಲಿ ಆತ ಮಗಳ ಮದುವೆ ಮಾಡಬಹುದು, ಗದ್ದೆ ನೋಡಬಹುದು, ಇನ್ನೊಂದು ವಿಮಾನ ಹಾರಿಸಬಹುದು. ವಿಶ್ರಾಂತಿ ಎಂದರೆ ಸುರಕ್ಷತೆಯ ಸಾಧನ. ಎಂಜಿನ್ ತಪಾಸಣೆ ಹೇಗೋ ಹಾಗೆ. ಎಂಜಿನ್ ತಪಾಸಣೆಯನ್ನು ಯಾರೂ ಎಂಜಿನ್‌ಗೆ ಕೊಟ್ಟ ರಜೆ ಎನ್ನುವುದಿಲ್ಲ.

ಈ ಎರಡನ್ನೂ ಒಂದೇ ಖಾತೆಯಲ್ಲಿ ಬರೆದಾಗಲೇ ತೊಡಕು ಶುರುವಾಗುವುದು. ರಜೆ ಪೈಲಟ್‌ನದು, ಅದನ್ನು ಕಸಿಯುವ ಅಧಿಕಾರ ಸಂಸ್ಥೆಗಿಲ್ಲ. ವಿಶ್ರಾಂತಿ ಪ್ರಯಾಣಿಕರದು, ಅದನ್ನು ಮಾರುವ ಅಧಿಕಾರ ಪೈಲಟ್‌ಗೂ ಇಲ್ಲ, ಕೊಳ್ಳುವ ಅಧಿಕಾರ ಸಂಸ್ಥೆಗೂ ಇಲ್ಲ. ಜೊತೆಗೆ, ಬಿಡುವಿನಲ್ಲಿ ಕಾಫಿ ಅಂಗಡಿಗೆ ಹೋಗಬೇಕಾದಷ್ಟು ಕಡಿಮೆ ಸಂಬಳ ಕೊಟ್ಟು ‘ಚೆನ್ನಾಗಿ ನಿದ್ದೆ ಮಾಡಿ ಬನ್ನಿ’ ಎಂದು ನಿಯಮ ಬರೆದರೆ ಅದು ಕಾಗದದ ಮೇಲಷ್ಟೇ ಉಳಿಯುತ್ತದೆ. ಹೊಸ ನಿಯಮ ಬರೆಯುವವರು ಗಂಟೆಗಳ ಜೊತೆಗೆ ಸಂಬಳದ ಚೀಟಿಯನ್ನೂ ಒಮ್ಮೆ ತಿರುವಿ ನೋಡುವುದು ಒಳ್ಳೆಯದು.